ಅಕ್ಕಿ ರೊಟ್ಟಿ ತಿನ್ನಬಹುದು, ಲೆಕ್ಕ ಗೊತ್ತಿರಬೇಕು

ಟೈಪ್ 1 ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದರೆ ಸಾಕು, ನಮ್ಮ ಕೊಡಗಿನಲ್ಲಿ ಊರವರೆಲ್ಲ ಡಾಕ್ಟ್ರಾಗಿಬಿಡುತ್ತಾರೆ. ಅಕ್ಕಿ ರೊಟ್ಟಿ ಬಿಡು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮುಟ್ಟಬೇಡ. ಕಿತ್ತಳೆ ಬೇಡವೇ ಬೇಡ. ರಾಗಿ ತಿನ್ನು, ಬೆಳಿಗ್ಗೆ ಎದ್ದು ನಡಿ, ಸರಿ ಹೋಗುತ್ತೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಅವರ ಮನಸ್ಸಿನಲ್ಲಿರುವುದು ಬೇರೆ ಕಾಯಿಲೆ. ನಮ್ಮ ಸುತ್ತ ಜಾಸ್ತಿ ಕಾಣುವ ಟೈಪ್ 2.

ಟೈಪ್ 1ರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತಪ್ಪು ಮಾಡಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಸಿಹಿ ತಿಂದದ್ದರಿಂದ ಬಂದದ್ದಲ್ಲ, ಪಥ್ಯದಿಂದ ಹೋಗುವುದೂ ಅಲ್ಲ. ಇನ್ಸುಲಿನ್ ಹೊರಗಿನಿಂದಲೇ ಬರಬೇಕು, ಜೀವನಪೂರ್ತಿ. 'ತಿನ್ನಬೇಡ' ಅನ್ನುವುದೇ ಚಿಕಿತ್ಸೆಯಾಗಿದ್ದ ಕಾಲ ಒಂದಿತ್ತು. ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಒಂದಷ್ಟು ತಿಂಗಳು ಬದುಕಿಸುತ್ತಿದ್ದರು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಆ ಕಾಲ ಅಲ್ಲಿಗೆ ಮುಗಿಯಿತು. ಈಗಲೂ ನಮ್ಮ ಮನೆಗಳಲ್ಲಿ 30 ವರ್ಷದ ಹೆಂಗಸಿಗೆ ಹಬ್ಬದ ದಿನ ಬರೀ ಸೌತೆಕಾಯಿ ಬಡಿಸುವುದನ್ನು ಕೇಳಿದಾಗ ನನಗೆ ಬೇಜಾರಾಗುತ್ತದೆ. ತಿನ್ನಬಹುದಾ ಅಂತ ಕೇಳುವುದನ್ನು ಬಿಡಿ. ಇದರಲ್ಲಿ ಪಿಷ್ಟ (ಕಾರ್ಬೋಹೈಡ್ರೇಟ್) ಎಷ್ಟಿದೆ, ಅದಕ್ಕೆ ಎಷ್ಟು ಇನ್ಸುಲಿನ್, ಯಾವಾಗ ಅಂತ ಕೇಳಿ.

ಇದು ಮಕ್ಕಳ ಕಾಯಿಲೆ ಅನ್ನುವುದೂ ತಪ್ಪು ತಿಳಿವಳಿಕೆ. 25ಕ್ಕೆ, 35ಕ್ಕೆ, 50ಕ್ಕೂ ಬರಬಹುದು. ದೊಡ್ಡವರಲ್ಲಿ ನಿಧಾನವಾಗಿ ಬರುವುದರಿಂದ ಟೈಪ್ 2 ಅಂದುಕೊಂಡು ಮಾತ್ರೆ ಕೊಡುತ್ತಾರೆ. ಮಾತ್ರೆ ಏರಿಸುತ್ತಾ ಹೋದರೂ ಸಕ್ಕರೆ ಇಳಿಯುತ್ತಿಲ್ಲ, ಮೈ ತೂಕ ಮಾತ್ರ ಇಳಿಯುತ್ತಿದೆ ಅಂದರೆ ಜಿಎಡಿ ಆ್ಯಂಟಿಬಾಡಿ ಮತ್ತು ಸಿ-ಪೆಪ್ಟೈಡ್ ಪರೀಕ್ಷೆಯ (ಮೊದಲನೆಯದು ಬೀಟಾ ಕೋಶಗಳ ಮೇಲಿನ ದಾಳಿಯನ್ನು, ಎರಡನೆಯದು ದೇಹ ಇನ್ನೂ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅನ್ನುವುದನ್ನು ತೋರಿಸುತ್ತದೆ) ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಲೆಕ್ಕಕ್ಕೆ ಬರೋಣ. ಒಂದು ದಿನ ಮನೆಯಲ್ಲಿ ಕಡಂಬುಟ್ಟು ಮಾಡುವಾಗ ಅಕ್ಕಿ ತರಿಯನ್ನು ತೂಕ ಮಾಡಿ. ಒಣ ತರಿ 100 ಗ್ರಾಂನಲ್ಲಿ ಸುಮಾರು 80 ಗ್ರಾಂ ಪಿಷ್ಟ. ಕಾಲು ಕೆಜಿ ತರಿ ಅಂದರೆ 200 ಗ್ರಾಂ. ಅದರಲ್ಲಿ 16 ಉಂಡೆ ಆದರೆ ಒಂದೊಂದರಲ್ಲಿ 12ರಿಂದ 13 ಗ್ರಾಂ. ನಾಲ್ಕು ತಿಂದರೆ 50 ಗ್ರಾಂ. ನಿಮಗೆ 10 ಗ್ರಾಂಗೆ ಒಂದು ಯೂನಿಟ್ ಬೇಕು ಅಂತಿದ್ದರೆ 5 ಯೂನಿಟ್. ಈ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು, ಒಬ್ಬರಿಗೇ ಬೆಳಿಗ್ಗೆ ಒಂದು ರಾತ್ರಿ ಒಂದು ಇರಬಹುದು. ಅದನ್ನು ಡಾಕ್ಟರ ಜೊತೆ ಕೂತು ಕಂಡುಕೊಳ್ಳಬೇಕು. ಅಕ್ಕಿ ರೊಟ್ಟಿಗೂ ಇದೇ ದಾರಿ: ಹಿಟ್ಟು ಎಷ್ಟು, ಕಲಸಿದ ಅನ್ನ ಎಷ್ಟು, ರೊಟ್ಟಿ ಎಷ್ಟಾಯಿತು. ಒಂದು ವಾರ ತೂಗಿದರೆ ಆಮೇಲೆ ಕಣ್ಣಳತೆ ಕೂರುತ್ತದೆ. ಅಡುಗೆ ಮಾಡುವವರು ಅಮ್ಮನೋ ಹೆಂಡತಿಯೋ ಆಗಿದ್ದರೆ ಅವರಿಗೂ ಈ ಲೆಕ್ಕ ಕಲಿಸಿ. ರೊಟ್ಟಿಯ ದಪ್ಪ ದಿನಕ್ಕೊಂದು ಥರ ಆದರೆ ನಿಮ್ಮ ಲೆಕ್ಕವೂ ದಿಕ್ಕು ತಪ್ಪುತ್ತದೆ.

ಪಂದಿ ಕರಿ, ಅಂದರೆ ಹಂದಿ ಮಾಂಸದ್ದು, ಬೇರೆ ಕಥೆ. ಅದರಲ್ಲಿ ಪಿಷ್ಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಲೆಕ್ಕಕ್ಕೆ ಬಿಟ್ಟುಬಿಡುತ್ತಾರೆ. ಆದರೆ ಕೊಬ್ಬು ಹೊಟ್ಟೆಯಿಂದ ಊಟ ಮುಂದೆ ಹೋಗುವುದನ್ನು ನಿಧಾನ ಮಾಡುತ್ತದೆ. ಪ್ರೊಟೀನ್ ಕೂಡ ಹೊತ್ತು ಕಳೆದ ಮೇಲೆ ಸಕ್ಕರೆ ಏರಿಸುತ್ತದೆ. ಊಟವಾಗಿ ಎರಡು ಗಂಟೆಗೆ ನೋಡಿದರೆ 130, ಖುಷಿ. ಐದು ಗಂಟೆಯ ನಂತರ 280. ರಾತ್ರಿ ಎಂಟಕ್ಕೆ ತಿಂದದ್ದು ಒಂದು ಗಂಟೆಗೆ ಏರುತ್ತದೆ, ಆಗ ನೀವು ನಿದ್ದೆಯಲ್ಲಿರುತ್ತೀರಿ. ಬೆಳಿಗ್ಗೆ ಎದ್ದು ಮೀಟರ್ ನೋಡಿ 'ನಾನೇನೂ ತಪ್ಪು ಮಾಡಿಲ್ಲವಲ್ಲ' ಅಂತ ಕೂರುತ್ತೀರಿ. ನೀವು ನಿಜಕ್ಕೂ ತಪ್ಪು ಮಾಡಿಲ್ಲ. ಅಂಥ ಊಟಕ್ಕೆ ಇನ್ಸುಲಿನ್ ಅನ್ನು ಎರಡು ಭಾಗ ಮಾಡಿ ಕೊಡುವ ಕ್ರಮ ಇದೆ. ಸುಮ್ನೆ ಅಂದಾಜಿನಲ್ಲಿ ಮಾಡಬೇಡಿ. ಎರಡು ಮೂರು ಸಲ ಅದೇ ಊಟ ಮಾಡಿ, ಮೂರು ಗಂಟೆ, ಐದು ಗಂಟೆಗೆ ನೋಡಿದ ಅಂಕಿ ಬರೆದು ತನ್ನಿ. ಆ ಚೀಟಿ ಇದ್ದರೆ ನನಗೂ ಸಲಹೆ ಕೊಡಲು ಸುಲಭ.

ಸಮಯವೂ ಅಷ್ಟೇ ಮುಖ್ಯ. ಹಳೆಯ ರೆಗ್ಯುಲರ್ ಇನ್ಸುಲಿನ್ ಆದರೆ ಊಟಕ್ಕೆ ಅರ್ಧ ಗಂಟೆ ಮೊದಲು, ಬೇಗ ಕೆಲಸ ಮಾಡುವ ಹೊಸ ಬಗೆಯದ್ದಾದರೆ 10–15 ನಿಮಿಷ ಮೊದಲು. ಮದುವೆ ಮನೆಯಲ್ಲಿ ಇದು ಕೈ ಕೊಡುತ್ತದೆ. ನಾಲ್ಕು ಜನ ನೋಡುತ್ತಾರೆ ಅಂತ ಚುಚ್ಚಿಕೊಳ್ಳದೆ ಊಟಕ್ಕೆ ಕೂರುವುದು. ಇಲ್ಲದಿದ್ದರೆ ಬಾತ್‌ರೂಮಿಗೆ ಹೋಗಿ, ಒದ್ದೆ ನೆಲದಲ್ಲಿ ನಿಂತು, ಗಡಿಬಿಡಿಯಲ್ಲಿ ಬಟ್ಟೆ ಮೇಲಿಂದಲೇ ಚುಚ್ಚಿ ಬರುವುದು. ಮದುವೆಯಾಗಬೇಕಾದ ಹೆಣ್ಣುಮಕ್ಕಳು ಹೀಗೆ ಬಚ್ಚಿಡುವುದು ಜಾಸ್ತಿ. ನಮ್ಮದು ಚಿಕ್ಕ ಜಿಲ್ಲೆ, ಒಬ್ಬರಿಗೆ ಗೊತ್ತಾದರೆ ವಿರಾಜಪೇಟೆಯಿಂದ ಸೋಮವಾರಪೇಟೆವರೆಗೆ ಗೊತ್ತು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ: ಟೈಪ್ 1 ಇದ್ದವರು ಮದುವೆಯಾಗುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಗರ್ಭಕ್ಕೆ ಮೊದಲೇ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 6.5ರ ಒಳಗೆ ತರಲು ತಯಾರಿ ಮಾಡಿಕೊಂಡರೆ ತಾಯಿಗೂ ಮಗುವಿಗೂ ಒಳ್ಳೆಯದು. ಈ ತಯಾರಿ ಗಂಡನಿಗೆ ಗೊತ್ತಿಲ್ಲದ ಹಾಗೆ ಆಗುವ ಕೆಲಸ ಅಲ್ಲ.

ಸಕ್ಕರೆ ಏರುವುದಕ್ಕಿಂತ ದಿಢೀರ್ ಇಳಿಯುವುದಕ್ಕೆ ನಾನು ಜಾಸ್ತಿ ಹೆದರುತ್ತೇನೆ. 70ಕ್ಕಿಂತ ಕೆಳಗೆ ಹೋದರೆ ಲೋ. ಕೈ ನಡುಗುತ್ತದೆ, ಬೆವರು, ಎದೆ ಬಡಿತ. 54ಕ್ಕಿಂತ ಕೆಳಗೆ ಹೋದರೆ ಮಿದುಳಿಗೆ ಸಕ್ಕರೆ ಸಾಲದೆ ಮಾತು ತೊದಲುತ್ತದೆ, ಕಾಲು ತಡವರಿಸುತ್ತದೆ, ಸಿಟ್ಟು ಬರುತ್ತದೆ. ನೋಡುವವರಿಗೆ ಇದು ಕುಡಿದಂತೆಯೇ ಕಾಣುತ್ತದೆ. ನಮ್ಮ ಮದುವೆ, ಕೈಲ್ ಪೊಳ್ದ್, ಹುತ್ತರಿ ಹಬ್ಬಗಳಲ್ಲಿ ಮದ್ಯ ಇರುತ್ತದೆ. ಇಲ್ಲ ಅಂದುಕೊಂಡು ಸಲಹೆ ಕೊಟ್ಟರೆ ಪ್ರಯೋಜನ ಇಲ್ಲ. ಒಬ್ಬ ತೂರಾಡಿದರೆ 'ಸ್ವಲ್ಪ ಜಾಸ್ತಿ ಆಗಿದೆ, ಮಲಗಿಸಿ' ಅನ್ನುತ್ತಾರೆ. ಮಲಗಿಸಿದರೆ ಪ್ರಾಣಕ್ಕೇ ಅಪಾಯ. ರಾತ್ರಿ ಹೊತ್ತು ಸಕ್ಕರೆ ತೀರಾ ಇಳಿಯದಂತೆ ಕಾಯುವುದು ಪಿತ್ತಜನಕಾಂಗ. ಅದು ಮದ್ಯವನ್ನು ಕರಗಿಸುವುದರಲ್ಲಿ ತೊಡಗಿದರೆ ರಕ್ತಕ್ಕೆ ಸಕ್ಕರೆ ಬಿಡುವ ಕೆಲಸ ನಿಲ್ಲುತ್ತದೆ. ಕುಡಿದ ಎಷ್ಟೋ ಗಂಟೆಗಳ ನಂತರ, ಬೆಳಗಿನ ಜಾವದಲ್ಲೂ ಲೋ ಆಗಬಹುದು. ಕುಡಿಯದಿದ್ದರೆ ಒಳ್ಳೆಯದು. ಕುಡಿಯುವುದೇ ಆದರೆ ಖಾಲಿ ಹೊಟ್ಟೆಯಲ್ಲಿ ಬೇಡ, ಮಲಗುವ ಮೊದಲು ಸಕ್ಕರೆ ನೋಡಿ, ಪಕ್ಕದಲ್ಲಿ ಮಲಗುವವರಿಗೆ ವಿಷಯ ತಿಳಿದಿರಲಿ.

ಲೋ ಆದಾಗ 15 ಗ್ರಾಂ ಬೇಗ ಕರಗುವ ಸಕ್ಕರೆ ಬೇಕು. ಮೂರು ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ, ಇಲ್ಲವೇ ಒಂದು ದೊಡ್ಡ ಚಮಚ ನಮ್ಮ ಕೊಡಗಿನ ಜೇನು. 15 ನಿಮಿಷ ಬಿಟ್ಟು ಮತ್ತೆ ನೋಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ನಿಧಾನ ಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರೂ ಹಾಕಬೇಡಿ, ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ತೋಟದ ಕೆಲಸದವರಿಗೆ ಒಂದು ಮಾತು. ಕಾಫಿ ಕೊಯ್ಲಿನ ದಿನಗಳಲ್ಲಿ ಇಳಿಜಾರು ಹತ್ತಿಳಿದ ದೇಹ ಆ ರಾತ್ರಿಯೂ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತದೆ. ಕೆಲಸದ ಹೊತ್ತಿನಲ್ಲಿ ಸರಿ ಇತ್ತು ಅಂತ ನಿಶ್ಚಿಂತೆಯಿಂದ ಮಲಗಬೇಡಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಆಡುವವರಲ್ಲಿ ಇನ್ನೊಂದು ಬಗೆ ಕಾಣಬಹುದು. ಪಂದ್ಯದ ಬಿಸಿಯಲ್ಲಿ ಅಡ್ರಿನಲಿನ್‌ನಿಂದ ಸಕ್ಕರೆ ಏರುತ್ತದೆ. ಆಟಗಾರ ಗಾಬರಿಯಿಂದ ಇನ್ಸುಲಿನ್ ಹಾಕಿಕೊಳ್ಳುತ್ತಾನೆ, ರಾತ್ರಿ ಲೋ ಆಗುತ್ತದೆ. ಹಾಗಾಗಿ ಪಂದ್ಯ ಮುಗಿದ ತಕ್ಷಣದ ಅಂಕಿಗೆ ಪೂರ್ತಿ ಡೋಸ್ ಹಾಕಬೇಡಿ. ಇನ್ನು ಕೆಲಸದ ಜಾಗದಲ್ಲಿ ತೋಟದ ಲೆಕ್ಕ ನೋಡುವ ರೈಟರ್‌ಗೋ ಜೊತೆಯವರಿಗೋ ವಿಷಯ ಗೊತ್ತಿರಬೇಕು. ನೆಟ್‌ವರ್ಕ್ ಇಲ್ಲದ ತೋಟದಲ್ಲಿ ಅವರೇ ನಿಮ್ಮ ಆಂಬುಲೆನ್ಸ್.

ಕಿತ್ತಳೆ ಸುಲಿದ ಕೈಯಲ್ಲಿ ಸಕ್ಕರೆ ನೋಡಬೇಡಿ. ಬೆರಳಿಗೆ ಅಂಟಿದ ರಸ ರಕ್ತದ ಹನಿಗೆ ಸೇರಿ, 120 ಇದ್ದದ್ದು 300 ಅಂತ ತೋರಿಸಬಹುದು. ಅದನ್ನು ನಂಬಿ ಚುಚ್ಚಿಕೊಂಡರೆ ದೊಡ್ಡ ಲೋ. ಸ್ಯಾನಿಟೈಸರ್ ಸಾಕಾಗುವುದಿಲ್ಲ, ನೀರಿನಲ್ಲಿ ತೊಳೆದು ಒರೆಸಿ.

ಮಳೆಗಾಲ ಬಂದರೆ ಎಲ್ಲರೂ ಕೇಳುವುದು ಫ್ರಿಜ್ ಬಗ್ಗೆ. ಮೂರು ದಿನ ಕರೆಂಟ್ ಇಲ್ಲ, ಇನ್ಸುಲಿನ್ ಹಾಳಾಯಿತಾ? ಮಡಿಕೇರಿಯ ಮಳೆಯ ಚಳಿಯಲ್ಲಿ ಆ ಚಿಂತೆ ಬೇಡ. ತೆರೆದ ಇನ್ಸುಲಿನ್ ಹೆಚ್ಚಿನವು 25ರಿಂದ 30 ಡಿಗ್ರಿ ಒಳಗೆ ನಾಲ್ಕು ವಾರ ಚೆನ್ನಾಗಿರುತ್ತವೆ. ಹಾಳಾಗುವುದು ಫ್ರೀಜರ್‌ನಲ್ಲಿ ಗಟ್ಟಿಯಾದರೆ. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇದ್ದರೂ ಅದನ್ನು ಬಳಸಬೇಡಿ. ಮಂಗಳೂರಿಗೆ ಇಳಿಯುವಾಗ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೂ ಅಷ್ಟೇ, ಬಿಸಿಲಿಗೆ ಹಾಳು.

ಮಳೆಗಾಲದಲ್ಲಿ ನಾನು ಚಿಂತೆ ಮಾಡುವುದು ರಸ್ತೆಯ ಬಗ್ಗೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ದಾರಿ ಕಡಿದುಹೋದದ್ದು ನೆನಪಿದೆ ಅಲ್ವಾ? ಜೂನ್‌ಗೆ ಮೊದಲೇ ಒಂದು ತಿಂಗಳ ಇನ್ಸುಲಿನ್, ಸ್ಟ್ರಿಪ್, ಸೂಜಿ ಹೆಚ್ಚಿಗೆ ಇರಲಿ. ಯಾಕೆಂದರೆ ತೀರಿಹೋದಾಗ ಜನ ಸಿಕ್ಕಿದ್ದನ್ನು ಬಳಸುತ್ತಾರೆ, ಅಲ್ಲೇ ಅನಾಹುತ ಆಗುವುದು. ನಮ್ಮ ದೇಶದಲ್ಲಿ ಇನ್ಸುಲಿನ್ ವಯಲ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದ್ದು. ಪೆನ್ ಕಾರ್ಟ್ರಿಜ್ ಸಾಮಾನ್ಯವಾಗಿ 100 ಯೂನಿಟ್‌ನದ್ದು. ಸಿರಿಂಜ್‌ಗಳೂ ಎರಡು: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಪೆನ್ ಕೆಟ್ಟಿತು ಅಂತ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜ್‌ಗೆ 10ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 10 ಅಲ್ಲ, 25 ಯೂನಿಟ್. ಉಲ್ಟಾ ಮಾಡಿ, 40ರ ವಯಲ್‌ನಿಂದ ಕಿತ್ತಳೆ ಮುಚ್ಚಳದ ಸಿರಿಂಜ್‌ಗೆ 10 ಎಳೆದರೆ ಸಿಗುವುದು ಬರೀ 4. ಮೊದಲನೆಯದರಲ್ಲಿ ಆ ರಾತ್ರಿಯೇ ಲೋ ಆಗಿ ಪ್ರಾಣಕ್ಕೆ ಕುತ್ತು, ಎರಡನೆಯದರಲ್ಲಿ ದಿನ ಕಳೆದಂತೆ ರಕ್ತದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ಕೊಬ್ಬು ಸುಟ್ಟಾಗ ಹುಟ್ಟುವ ಆಮ್ಲ) ತುಂಬುತ್ತದೆ. ಮೆಡಿಕಲ್ ಶಾಪಿನಲ್ಲಿ ಬರೀ 'ಇನ್ಸುಲಿನ್ ಸಿರಿಂಜ್ ಕೊಡಿ' ಅನ್ನಬೇಡಿ. ವಯಲ್ ತೋರಿಸಿ, ಅಂಕಿ ಓದಿ, ಮುಚ್ಚಳದ ಬಣ್ಣ ನೋಡಿ ತನ್ನಿ. ಮನೆಯಲ್ಲಿ ಇನ್ನೊಬ್ಬರಿಗೂ ಇದು ಬಾಯಿಪಾಠ ಇರಲಿ.

ಹಾಗೇ ಹೊಟ್ಟೆಯನ್ನು ಒಮ್ಮೆ ಸವರಿ ನೋಡಿಕೊಳ್ಳಿ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಹೊಕ್ಕುಳಿನ ಪಕ್ಕ ಮೆತ್ತನೆಯ ಗಂಟು ಆಗಿರುತ್ತದೆ. ಅಲ್ಲಿ ನೋವಾಗುವುದಿಲ್ಲ, ಅದಕ್ಕೇ ಎಲ್ಲರಿಗೂ ಆ ಜಾಗ ಇಷ್ಟ. ಆದರೆ ಅಲ್ಲಿಂದ ದೇಹ ಇನ್ಸುಲಿನ್ ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಒಂದು ದಿನ ಕೆಲಸ ಮಾಡುತ್ತದೆ, ಒಂದು ದಿನ ಇಲ್ಲ. ಜಾಗ ಬದಲಾಯಿಸಿ. ಬದಲಾಯಿಸಿದಾಗ ಡೋಸ್ ಕಡಿಮೆ ಮಾಡಬೇಕಾಗಬಹುದು, ಡಾಕ್ಟರನ್ನು ಕೇಳಿಯೇ ಮಾಡಿ.

ನಮ್ಮ ಮಳೆಗಾಲದ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಔಷಧದ ಗುಣ ಇದೆ ಅಂತ ನಂಬುವ ಮದ್ದು ಸೊಪ್ಪಿನ ಪಾಯಸದ ಬಗ್ಗೆ ಫೋನ್ ಬರುತ್ತದೆ. ತಿನ್ನಿ. ಅಕ್ಕಿಯನ್ನೂ ಬೆಲ್ಲವನ್ನೂ ಲೆಕ್ಕ ಹಾಕಿ ಇನ್ಸುಲಿನ್ ತಗೊಳ್ಳಿ. ಆದರೆ ಅದು ಇನ್ಸುಲಿನ್‌ಗೆ ಬದಲಿ ಅಲ್ಲ, ಒಂದು ಹೊತ್ತಿಗೂ ಅಲ್ಲ. ಅದನ್ನು ತಿಂದಾಗ ಮೂತ್ರದ ಬಣ್ಣ ಕೆಂಪಾಗುವುದು ನಮಗೆಲ್ಲ ಗೊತ್ತು. ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿ ಬಣ್ಣ ಬದಲಾಗಿಯೇ ಉತ್ತರ ಹೇಳುವುದರಿಂದ ಆ ದಿನ ಅದನ್ನು ಪೂರ್ತಿ ನಂಬಬೇಡಿ.

ಅದೇ ತಿಂಗಳು ಜ್ವರ, ಶೀತದ ತಿಂಗಳೂ ಹೌದು. ಊಟ ಸೇರುವುದಿಲ್ಲ, ವಾಂತಿ. 'ಏನೂ ತಿಂದಿಲ್ಲ, ಇನ್ಸುಲಿನ್ ಯಾಕೆ' ಅಂತ ನಿಲ್ಲಿಸುತ್ತಾರೆ. ಟೈಪ್ 1ರಲ್ಲಿ ಇದೇ ಅತಿ ಅಪಾಯದ ಕೆಲಸ. ಜ್ವರದಲ್ಲಿ ತಿನ್ನದಿದ್ದರೂ ಪಿತ್ತಜನಕಾಂಗ ಸಕ್ಕರೆ ಬಿಡುತ್ತದೆ. ಇನ್ಸುಲಿನ್ ಇಲ್ಲದೆ ದೇಹ ಕೊಬ್ಬನ್ನು ಸುಡುತ್ತದೆ, ಕೀಟೋನ್ ತುಂಬಿ ರಕ್ತ ಹುಳಿಯಾಗುತ್ತದೆ. ದಿನಕ್ಕೊಮ್ಮೆ ಹಾಕುವ, ತುಂಬಾ ಹೊತ್ತು ಕೆಲಸ ಮಾಡುವ ಇನ್ಸುಲಿನ್ ಅನ್ನು ಯಾವ ಕಾರಣಕ್ಕೂ ನೀವಾಗಿ ನಿಲ್ಲಿಸಬೇಡಿ. ಎರಡು ಮೂರು ಗಂಟೆಗೊಮ್ಮೆ ಸಕ್ಕರೆ ನೋಡಿ, ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ, ಕೀಟೋನ್ ಪರೀಕ್ಷಿಸಿ. ವಾಂತಿ ನಿಲ್ಲುತ್ತಿಲ್ಲ, ಹೊಟ್ಟೆ ನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ ಅಂದರೆ ಗ್ಯಾಸ್ ಮಾತ್ರೆ ನುಂಗಿ ಕಾಯಬೇಡಿ, ಬೆಳಗಾಗಲಿ ಅನ್ನಲೂ ಬೇಡಿ. ದೂರದ ಊರಿನವರು ದಾರಿ ಇರುವಾಗಲೇ ಹೊರಡಿ. ಆಸ್ಪತ್ರೆಯ ಕ್ಯಾಷುವಾಲ್ಟಿಯಲ್ಲಿ 'ಶುಗರ್ ಇದೆ' ಅಂತಷ್ಟೇ ಹೇಳಿದರೆ ಸಾಲದು. 'ಟೈಪ್ 1, ಇನ್ಸುಲಿನ್ ಮೇಲೆ ಇದ್ದೇನೆ, ಕೀಟೋನ್ ನೋಡಿ' ಅಂತ ಹೇಳಿ. ನಿಮಗೆ ಹೇಳಲು ಆಗದಿದ್ದರೆ ಜೊತೆಗೆ ಬಂದವರು ಹೇಳಲಿ.