ಪದ ಪರಿಚಯ: ಎನ್‌ಡಿಟಿ, ವಿಮಾನದ ಮೈಯಲ್ಲಿ ಬಿರುಕು ಹುಡುಕುವ ಬಗೆ

ಸಂತೆಯಲ್ಲಿ ಮಡಕೆ ಕೊಳ್ಳುವವರು ಮೊದಲು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಾರೆ. ‘ಠಣ್’ ಅಂದರೆ ಗಟ್ಟಿ. ಒಡಕು ದನಿ ಬಂದರೆ ಎಲ್ಲೋ ಸೀಳಿದೆ. ಮಡಕೆ ಒಡೆಯಲಿಲ್ಲ, ಆದರೂ ಒಳಗಿನ ಸಂಗತಿ ತಿಳಿಯಿತು ಅಲ್ವಾ? ಎನ್‌ಡಿಟಿ ಅಂದರೆ ಇದೇ. ಪೂರ್ತಿ ಹೆಸರು ನಾನ್ ಡಿಸ್ಟ್ರಕ್ಟಿವ್ ಟೆಸ್ಟಿಂಗ್, ಕನ್ನಡದಲ್ಲಿ ಹಾನಿರಹಿತ ಪರೀಕ್ಷೆ. ಕತ್ತರಿಸದೆ, ಮುರಿಯದೆ ವಸ್ತುವಿನ ಗಟ್ಟಿತನ ತಿಳಿಯುವ ಎಲ್ಲ ವಿಧಾನಗಳಿಗೂ ಸೇರಿ ಈ ಹೆಸರು.

ವಿಮಾನದಲ್ಲಿ ಇದು ಮುಖ್ಯವಾಗಿ ಹುಡುಕುವುದು ದಣಿವಿನ ಬಿರುಕನ್ನು. ತಂತಿಯೊಂದನ್ನು ಒಂದೇ ಕಡೆ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋದರೆ ಕೊನೆಗೆ ಪಟ್ಟನೆ ತುಂಡಾಗುತ್ತದೆ. ವಿಮಾನದ ಅಲ್ಯೂಮಿನಿಯಂ ಮೈಗೂ ಇಂಥದೇ ಕಾಟ. ಮೇಲೇರಿದಾಗ ಒಳಗಿನ ಗಾಳಿಯ ಒತ್ತಡಕ್ಕೆ ತುಸು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ನಮ್ಮ ಸುಸ್ತು ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಲೋಹದ ಸುಸ್ತು ಹೋಗುವುದಿಲ್ಲ, ಕೂಡುತ್ತಲೇ ಇರುತ್ತದೆ.

ಅದಕ್ಕೇ ಹಾರಿದ ಗಂಟೆಗಿಂತ ಹಾರಾಟದ ಸಂಖ್ಯೆ ಇಲ್ಲಿ ಜಾಸ್ತಿ ಮುಖ್ಯ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮೇಲ್ಛಾವಣಿ 24,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ದ್ವೀಪದಿಂದ ದ್ವೀಪಕ್ಕೆ ಪುಟ್ಟ ಪುಟ್ಟ ಹಾರಾಟ ಮಾಡುತ್ತಿದ್ದ ವಿಮಾನ ಅದು. ಹಾರಿದ್ದು 35,496 ಗಂಟೆ, ಆದರೆ ಹಾರಾಟಗಳು 89,680! ಅಂದರೆ ಅಷ್ಟು ಸಲ ಉಬ್ಬಿ ಕುಗ್ಗಿತ್ತು. ಜೊತೆಗೆ ಸಮುದ್ರದ ಉಪ್ಪುಗಾಳಿ. ತಗಡುಗಳನ್ನು ಜೋಡಿಸಿದ ಕಡೆ ಅಂಟು ಬಿಟ್ಟುಹೋಗಿತ್ತು. ತಗಡುಗಳನ್ನು ಹಿಡಿದಿಡುವ ಮೊಳೆಗಳಾದ ಸಾಲು ರಿವೆಟ್‌ಗಳ ತೂತುಗಳಲ್ಲಿ ಹುಟ್ಟಿದ ಸಣ್ಣ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡವು. ವಿಮಾನ ಹತ್ತುವಾಗಲೇ ಪ್ರಯಾಣಿಕರೊಬ್ಬರು ಬಿರುಕನ್ನು ಕಂಡಿದ್ದರು, ಯಾರಿಗೂ ಹೇಳಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ತೊಳಸುತ್ತದೆ.

ಇಂಥ ಬಿರುಕು ಹಿಡಿಯಲು ಹೆಚ್ಚು ಬಳಸುವುದು ಎಡ್ಡಿ ಕರೆಂಟ್ ವಿಧಾನ. ಎಡ್ಡಿ ಅಂದರೆ ಹೊಳೆಯ ಸುಳಿ. ಪೆನ್ನಿನಂಥ ಪ್ರೋಬ್‌ನ ತುದಿಯಲ್ಲಿ ಸಣ್ಣ ತಂತಿ ಸುರುಳಿ ಇರುತ್ತದೆ. ಅದರಲ್ಲಿ ಹರಿಯುವ, ದಿಕ್ಕು ಬದಲಿಸುತ್ತಲೇ ಇರುವ ಎಸಿ ವಿದ್ಯುತ್ತು ತಗಡಿನೊಳಗೂ ಸುಳಿಸುಳಿಯಾಗಿ ವಿದ್ಯುತ್ತು ಹುಟ್ಟಿಸುತ್ತದೆ. ಬಿರುಕು ಎದುರಾದರೆ ಸುಳಿ ಅದನ್ನು ಸುತ್ತಿಬಳಸಿ ಹೋಗಬೇಕು. ಆಗ ಪರದೆಯ ಮೇಲಿನ ಚುಕ್ಕೆ ಚಂಗನೆ ಮೇಲೇಳುತ್ತದೆ. ಪರೀಕ್ಷಕರು ಮೊದಲು ಬೇಕೆಂದೇ ಗೀರು ಕೊರೆದ ಲೋಹದ ತುಂಡಿನ ಮೇಲೆ ಪ್ರೋಬ್ ಆಡಿಸಿ ಯಂತ್ರವನ್ನು ಹದಕ್ಕೆ ತರುತ್ತಾರೆ. ಆಮೇಲೆ ಒಂದೊಂದೇ ರಿವೆಟ್‌ನ ತಲೆಯ ಸುತ್ತ ನಿಧಾನವಾಗಿ ತಿರುಗಿಸುತ್ತಾರೆ. ಕೈ ಸ್ವಲ್ಪ ಓರೆಯಾದರೂ ಚುಕ್ಕೆ ಅಲುಗುತ್ತದೆ. ಅದು ಬಿರುಕಿನದೋ ಕೈಯದೋ ಎಂದು ಗುರುತಿಸಲು ಪಳಗಿದ ಕಣ್ಣು ಬೇಕು. ನೂರಾರು ರಿವೆಟ್ ಆದಮೇಲೆ ದಣಿಯುವುದು ಮನುಷ್ಯನ ಗಮನ.

ಅಲ್ಟ್ರಾಸೌಂಡ್, ಎಕ್ಸ್‌ರೇ, ಬಿರುಕಿಗಿಳಿಯುವ ಬಣ್ಣದ ದ್ರವ, ಇವೂ ಇವೆ. ಬಣ್ಣದ ದ್ರವಕ್ಕೆ ಮಾತ್ರ ಬಿರುಕು ಮೇಲ್ಮೈಗೆ ಬಾಯಿ ತೆರೆದಿರಬೇಕು.

ಬಿರುಕೇ ಇಲ್ಲದ ವಿಮಾನ ಎಂಬ ಆಸೆಯ ಮೇಲೆ ಈ ವ್ಯವಸ್ಥೆ ನಿಂತಿಲ್ಲ. ಬಿರುಕು ಇರಬಹುದು ಎಂದುಕೊಂಡೇ ಲೆಕ್ಕ ಹಾಕುತ್ತಾರೆ. ಯಂತ್ರಕ್ಕೆ ಕಾಣುವಷ್ಟು ಬೆಳೆದ ಬಿರುಕು ಅಪಾಯದ ಉದ್ದ ಮುಟ್ಟಲು ಎಷ್ಟು ಹಾರಾಟ ಬೇಕು? ಅಷ್ಟರೊಳಗೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರುವಂತೆ ಅವಧಿ ಗೊತ್ತುಮಾಡುತ್ತಾರೆ. ಒಮ್ಮೆ ತಪ್ಪಿಸಿಕೊಂಡರೂ ಮತ್ತೊಮ್ಮೆ ಸಿಗಲಿ ಎಂದು.

ಈಗ ಪರೀಕ್ಷೆಯ ಜೊತೆಗೆ ನಿಗಾ ಎಂಬ ಮಾತೂ ಬಂದಿದೆ. ಸೆನ್ಸರನ್ನು ವಿಮಾನದ ಮೈಗೇ ಅಂಟಿಸಿಬಿಡುವುದು. ಒಂದು ಬಗೆಯಲ್ಲಿ ತೆಳು ಪಟ್ಟಿಯೊಳಗೆ ಸಣ್ಣ ಕಾಲುವೆಗಳಿದ್ದು, ಕೆಲವುಗಳಿಂದ ಗಾಳಿ ಹೀರಿ ತೆಗೆದಿರುತ್ತಾರೆ. ಅಡಿಯಲ್ಲಿ ಬಿರುಕು ಬಂದರೆ ಅದರ ಮೂಲಕ ಗಾಳಿ ಒಳನುಗ್ಗುತ್ತದೆ, ಸುಳಿವು ಸಿಗುತ್ತದೆ. ಕೈ ಹೋಗದ ಮೂಲೆಗಳಿಗೆ ಇದು ದೊಡ್ಡ ಉಪಕಾರ. ಆದರೆ ಪಟ್ಟಿ ಕಾಯುವುದು ತನ್ನ ಅಡಿಯ ಜಾಗವನ್ನಷ್ಟೇ. ಪಕ್ಕದ ರಿವೆಟ್‌ಗೆ ಮತ್ತೆ ಪ್ರೋಬ್ ಹಿಡಿದ ಕೈಯೇ ಬೇಕು.