ಇಡ್ಲಿ ತಟ್ಟೆ ಬದಲಿಸದೆ ಚಟ್ನಿ ಬಡಿಸುವ ಕಂಪ್ಯೂಟರ್

ಪಕ್ಕದ ಮನೆಯ ಹುಡುಗಿ ಈ ವರ್ಷ ಬಿ.ಕಾಂ. ಸೇರಿದಳು. ಅವಳ ಅಪ್ಪ 15,000 ರೂಪಾಯಿ ಹೊಂದಿಸಿಕೊಂಡು ಬಂದು, "ನಿಮಗೆ ಇದೆಲ್ಲ ಗೊತ್ತಲ್ವಾ, ಒಂದು ಲ್ಯಾಪ್‌ಟಾಪ್ ನೋಡಿ ಕೊಡಿಸಿ" ಎಂದರು. ಮೂವರೂ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಅಂಗಡಿಯವರ ಮೊದಲ ಪ್ರಶ್ನೆ ಪ್ರೊಸೆಸರಿನದು, "ಐ5 ಬೇಕಾ, ಐ7 ಬೇಕಾ?" ವಿಂಡೋಸ್ ಬದಲು, ಯಂತ್ರ ನಡೆಸುವ ಬಿಟ್ಟಿ ತಂತ್ರಾಂಶವಾದ ಲಿನಕ್ಸ್ ಹಾಕಿರುವ ಸೆಕೆಂಡ್ ಹ್ಯಾಂಡ್ ಮೆಷಿನ್ ಇದೆಯಾ ಎಂದು ನಾನು ಕೇಳಿದೆ. "ಬೇಡ ಸಾರ್, ಅದರಲ್ಲಿ ಏನೂ ಓಡಲ್ಲ."

ಏನೂ ಓಡಲ್ಲ! ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅದನ್ನು ಹೇಳಿದವರ ಕೈಯಲ್ಲೇ ಒಂದು ಆಂಡ್ರಾಯ್ಡ್ ಫೋನ್ ಇತ್ತು. ಅದರ ಒಡಲಲ್ಲಿ ಇರುವುದೂ ಲಿನಕ್ಸ್ ಕರ್ನಲ್ಲೇ, ಅಂದರೆ ಲಿನಕ್ಸಿನ ತಿರುಳೇ. ಅವರು ಬೆಳಗ್ಗೆಯಿಂದ ಸಂಜೆವರೆಗೆ ಹಣ ತೆಗೆದುಕೊಳ್ಳುವುದು, ಮಾತಾಡುವುದು, ಸಿನಿಮಾ ನೋಡುವುದು ಎಲ್ಲ ಲಿನಕ್ಸ್ ಮೇಲೆಯೇ.

ನಾನು ಹುಡುಗಿಯನ್ನು ಕೇಳಿದೆ: ದಿನಾ ಏನೇನು ತೆರೆಯುತ್ತೀಯಮ್ಮ? ಗೂಗಲ್ ಡಾಕ್ಸ್, ಕ್ಲಾಸ್‌ರೂಮ್, ಜಿಮೇಲ್, ಯೂಟ್ಯೂಬ್, ವಾಟ್ಸ್ಯಾಪ್ ವೆಬ್, ಸ್ಕಾಲರ್‌ಶಿಪ್ ಅರ್ಜಿಗೆ ಸರ್ಕಾರದ ಪೋರ್ಟಲ್. ಇದರಲ್ಲಿ ಒಂದಾದರೂ ಕ್ರೋಮ್‌ನಂಥ ಬ್ರೌಸರ್ ಬಿಟ್ಟು ಹೊರಗೆ ಓಡಬೇಕಾದದ್ದು ಇದೆಯಾ? ಇಲ್ಲ. ಬ್ರೌಸರಿನ ಕೆಳಗೆ ವಿಂಡೋಸ್ ಇದ್ದರೂ ಲಿನಕ್ಸ್ ಇದ್ದರೂ ಜಿಮೇಲ್‌ಗೆ ಒಂದೇ.

ಆಗ ಅವಳ ಅಪ್ಪ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಹಾಗಾದ್ರೆ ಕೆಲಸವೆಲ್ಲ ಆ ಕಡೆಯ ದೊಡ್ಡ ಕಂಪ್ಯೂಟರೇ ಮಾಡುತ್ತೆ. ಇದು ಬರೀ ಟಿವಿ ಇದ್ದ ಹಾಗೆ, ಅಲ್ವಾ?"

ಅಂಗಡಿಯವರ ತಪ್ಪಿಗಿಂತ ಈ ತಪ್ಪು ನನಗೆ ಹೆಚ್ಚು ಇಷ್ಟ. ಏಕೆಂದರೆ ಒಂದು ಕಾಲದಲ್ಲಿ ಅದು ಪೂರ್ತಿ ನಿಜವಾಗಿತ್ತು. 1970ರ ದಶಕದಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ) ಐಬಿಎಂ 360/44 ಎಂಬ ಕೋಣೆ ತುಂಬುವ ಯಂತ್ರ ಇತ್ತು. ಯೋಚನೆ ಮಾಡುವುದೆಲ್ಲ ಅದೇ. ಮುಂದೆ ಅಂಥ ಯಂತ್ರಗಳಿಗೆ ಜೋಡಿಸಲು ಬಂದ ಟರ್ಮಿನಲ್‌ಗಳೂ ತಾವು ಯೋಚನೆ ಮಾಡುತ್ತಿರಲಿಲ್ಲ. 1978ರಲ್ಲಿ ಡೆಕ್ ಕಂಪನಿ ತಂದ ವಿಟಿ100 ಟರ್ಮಿನಲ್ ಒಂದು ಕೀಬೋರ್ಡು ಮತ್ತು ಒಂದು ತೆರೆ. ಒತ್ತಿದ ಅಕ್ಷರವನ್ನು ಆ ಕಡೆ ಕಳಿಸುವುದು, ಬಂದ ಅಕ್ಷರವನ್ನು ತೋರಿಸುವುದು, ಅಷ್ಟೇ ಅದರ ಕೆಲಸ. ಆಮೇಲೆ ಪಿಸಿ ಬಂತು, ಲೆಕ್ಕವೆಲ್ಲ ಮನೆಯ ಮೇಜಿಗೆ ಬಂತು. ಆಮೇಲೆ ವೆಬ್ ಬಂತು, ಲೆಕ್ಕ ಮತ್ತೆ ದೂರ ಹೋಯಿತು. ಈಗಿನ ಬ್ರೌಸರ್ ಈ ಎರಡರಲ್ಲಿ ಯಾವುದೂ ಅಲ್ಲ. ಕೆಲಸವನ್ನು ಎರಡು ಕಡೆ ಹಂಚಿಕೊಳ್ಳುತ್ತದೆ. ಹೇಗೆ ಹಂಚಿಕೊಳ್ಳುತ್ತದೆ ಅನ್ನುವುದರಲ್ಲೇ ಸೊಗಸು ಇರುವುದು.

ಅದಕ್ಕೆ ದರ್ಶಿನಿಗೆ ಹೋಗೋಣ. ಇಡ್ಲಿ ತಿನ್ನುತ್ತಿದ್ದೀರಿ, ಚಟ್ನಿ ಮುಗಿಯಿತು. 1990ರ ದಶಕದ ವೆಬ್ ಏನು ಮಾಡುತ್ತಿತ್ತು ಗೊತ್ತಾ? ಅರ್ಧ ತಿಂದ ತಟ್ಟೆಯನ್ನು ಕಿತ್ತುಕೊಂಡು, ಒಳಗೆ ಹೋಗಿ, ಹೊಸ ತಟ್ಟೆಯಲ್ಲಿ ಅದೇ ಇಡ್ಲಿ, ಅದೇ ವಡೆ, ಅದೇ ಚಮಚ ಜೋಡಿಸಿ, ಜೊತೆಗೆ ಚಟ್ನಿ ಹಾಕಿಕೊಂಡು ಬರುತ್ತಿತ್ತು. ಅಷ್ಟು ಹೊತ್ತು ನೀವು ಖಾಲಿ ಕೌಂಟರ್ ನೋಡುತ್ತಾ ನಿಲ್ಲಬೇಕು. ಪುಟದಲ್ಲಿ ಒಂದು ಪದ ಬದಲಾಗಬೇಕಿದ್ದರೂ ಇಡೀ ಪುಟ ಬಿಳಿಯಾಗಿ ಮತ್ತೆ ಬರೆದುಕೊಳ್ಳುತ್ತಿತ್ತಲ್ಲ, ನೆನಪಿದೆಯಾ? ಅದೇ ಇದು.

1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಒಂದು ಸಣ್ಣ ಉಪಾಯ ಸೇರಿಕೊಂಡಿತು. ಔಟ್‌ಲುಕ್ ಮೇಲನ್ನು ವೆಬ್‌ನಲ್ಲಿ ತೋರಿಸುವುದಕ್ಕಾಗಿ ಅವರು ಮಾಡಿಕೊಂಡದ್ದು ಅದು. ಪುಟ ತೆರೆದೇ ಇರುತ್ತದೆ. ಹಿಂದಿನಿಂದ ಒಂದು ಸಣ್ಣ ಕೋರಿಕೆ ಹೋಗುತ್ತದೆ, ಬೇಕಾದ ಚೂರು ಮಾತ್ರ ಬರುತ್ತದೆ. ಚಟ್ನಿ ಬಕೆಟ್ ಹಿಡಿದ ಹುಡುಗ ಬಂದು ನಿಮ್ಮ ತಟ್ಟೆಗೇ ಒಂದು ಸೌಟು ಹಾಕಿ ಹೋದ ಹಾಗೆ. ಮುಂಬಾಗಿಲ ರಂಗೋಲಿಯಲ್ಲಿ ಒಂದು ಎಸಳು ಕೆಟ್ಟರೆ ಇಡೀ ಅಂಗಳ ತೊಳೆಯುತ್ತೇವಾ? ಆ ಎಸಳೊಂದನ್ನು ಒರೆಸಿ ಮತ್ತೆ ಎಳೆಯುತ್ತೇವೆ. ಬ್ರೌಸರ್ ಕೂಡ ಪುಟದ ಆ ಚೂರನ್ನು ಮಾತ್ರ ಒರೆಸಿ ಬರೆಯುತ್ತದೆ.

ಇದರಲ್ಲಿ ಇನ್ನೊಂದು ಮಜಾ ಇದೆ. ಕೋರಿಕೆ ಕಳಿಸಿದ ಬ್ರೌಸರ್ ಉತ್ತರಕ್ಕಾಗಿ ಕಾದು ನಿಲ್ಲುವುದಿಲ್ಲ. ಬೈಟು ಕಾಫಿಗೆ ಟೋಕನ್ ಕೊಟ್ಟು ಬಂದು ಗೆಳೆಯರ ಜೊತೆ ಮಾತು ಮುಂದುವರಿಸುತ್ತೀರಲ್ಲ, ಹಾಗೆ. ಕಾಫಿ ಆದಾಗ ಕೂಗು ಬರುತ್ತದೆ, ಆಗ ಹೋಗಿ ತಂದರಾಯಿತು. ಅಲ್ಲಿಯವರೆಗೆ ನೀವು ಟೈಪ್ ಮಾಡಬಹುದು, ಪುಟ ಮೇಲೆ ಕೆಳಗೆ ಸರಿಸಬಹುದು. 2004ರ ಏಪ್ರಿಲ್ 1ರಂದು ಬಂದ ಜಿಮೇಲ್, 2005ರ ಫೆಬ್ರವರಿಯಲ್ಲಿ ಬಂದ ಗೂಗಲ್ ಮ್ಯಾಪ್ಸ್ ಇದನ್ನು ಊರಿಗೆಲ್ಲ ತೋರಿಸಿದವು. ನಕ್ಷೆಯನ್ನು ಎಳೆದರೆ ಪಕ್ಕದ ಚೌಕಗಳು ತಾವಾಗಿ ಬಂದು ಕೂರುತ್ತಿದ್ದವು. ಜಯನಗರದಿಂದ ಬಸವನಗುಡಿಗೆ ಬೆರಳಲ್ಲೇ ನಡೆದು ಹೋಗಬಹುದು! ಅದೇ ಫೆಬ್ರವರಿಯಲ್ಲಿ ಈ ಉಪಾಯಕ್ಕೆ ಅಜಾಕ್ಸ್ ಎಂಬ ಹೆಸರೂ ಬಿತ್ತು.

ಆಗ ಕೆಲವರಿಗೆ ಹೊಳೆಯಿತು: ಎಲ್ಲ ಬ್ರೌಸರಿನಲ್ಲೇ ಆಗುವುದಾದರೆ ಅಗ್ಗದ ಯಂತ್ರ, ಬಿಟ್ಟಿ ಲಿನಕ್ಸ್ ಸಾಕಲ್ಲವಾ? 2007ರ ನವೆಂಬರಿನಲ್ಲಿ ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳಲ್ಲಿ ಜಿಪಿಸಿ ಎಂಬ ಕಂಪ್ಯೂಟರ್ 199 ಡಾಲರಿಗೆ ಮಾರಾಟಕ್ಕೆ ಬಂತು. ತಯಾರಿಸಿದ್ದು ಎವೆರೆಕ್ಸ್ ಕಂಪನಿ. ಒಳಗೆ ವಿಯಾ ಕಂಪನಿಯ 1.5 ಗಿಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ರ‍್ಯಾಮ್, ಉಬುಂಟು ಎಂಬ ಲಿನಕ್ಸ್ ಆಧರಿಸಿದ ಜಿಓಎಸ್. ತೆರೆಯ ಕೆಳಗೆ ಸಾಲಾಗಿ ಜಿಮೇಲ್, ಯೂಟ್ಯೂಬ್, ವಿಕಿಪೀಡಿಯದ ಚಿತ್ರಗಳು. ಒತ್ತಿದರೆ ನೇರ ವೆಬ್. ಅದರ ಮದರ್‌ಬೋರ್ಡ್ ಪುಟ್ಟದು. ಆದರೂ ಅದನ್ನು ದೊಡ್ಡ ಡಬ್ಬಿಯಲ್ಲಿ ಕೂರಿಸಿದ್ದರು, ಏಕೆಂದರೆ ಡಬ್ಬಿ ದೊಡ್ಡದಿದ್ದರೆ ಶಕ್ತಿ ಜಾಸ್ತಿ ಎಂದು ಗಿರಾಕಿಗಳು ನಂಬುತ್ತಿದ್ದರು. ಎಸ್.ಪಿ. ರೋಡಿನಲ್ಲಿ ನಾವು ಐ7 ಸ್ಟಿಕ್ಕರಿಗೆ ಕೊಡುವ ಮರ್ಯಾದೆ ಇಂಥದ್ದೇ ನಂಬಿಕೆ. 2008ರ ಮಾರ್ಚಿನಲ್ಲಿ ವಾಲ್‌ಮಾರ್ಟ್ ಅದನ್ನು ಅಂಗಡಿಗಳಲ್ಲಿ ಇಡುವುದನ್ನು ನಿಲ್ಲಿಸಿತು. 2011ರ ಜೂನ್‌ನಲ್ಲಿ, ಬ್ರೌಸರನ್ನೇ ನಂಬಿಕೊಂಡ ಲ್ಯಾಪ್‌ಟಾಪ್‌ಗಳಾದ ಗೂಗಲ್‌ನ ಕ್ರೋಮ್‌ಬುಕ್‌ಗಳು ಬಂದವು. ಅವುಗಳ ಅಡಿಪಾಯವೂ ಲಿನಕ್ಸೇ.

ಇಲ್ಲಿ ನಮ್ಮೂರಿನ ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಜಿಪಿಸಿಗಿಂತ ಆರು ವರ್ಷ ಮೊದಲೇ, 2001ರಲ್ಲಿ, ಬೆಂಗಳೂರು ಸಿಂಪ್ಯೂಟರನ್ನು ಲೋಕಕ್ಕೆ ತೋರಿಸಿತ್ತು. ಟಾಟಾ ಇನ್‌ಸ್ಟಿಟ್ಯೂಟಿನ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ ರೂಪಿಸಿದ ಅಂಗೈ ಕಂಪ್ಯೂಟರ್ ಅದು. ಲಿನಕ್ಸ್ ಮೇಲೆ ಓಡುತ್ತಿತ್ತು. ಒಂದು ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಳ್ಳಲಿ, ಅವರವರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಇರಲಿ ಎಂಬುದು ಯೋಚನೆ. ಓದಲು ಬಾರದವರಿಗೆ ಅದು ಕನ್ನಡದಲ್ಲಿ ಓದಿ ಹೇಳಬೇಕಿತ್ತು. ಧ್ವನಿ ಎಂಬ ತಂತ್ರಾಂಶ ಹುಟ್ಟಿದ್ದು ಅದಕ್ಕೇ. ಈ ಲೇಖನಕ್ಕೆ ಮುಖ್ಯವಾದದ್ದು ಇನ್ನೊಂದು: ಸಿಂಪ್ಯೂಟರಿಗಾಗಿ ಅವರು ಪುಟಗಳನ್ನು ಬರೆಯಲು ಐಎಂಎಲ್ ಎಂಬ ಗುರುತು ಭಾಷೆ ಮತ್ತು ಅದಕ್ಕೊಂದು ಬ್ರೌಸರ್ ಮಾಡಿದ್ದರು. ಬ್ರೌಸರೇ ಯಂತ್ರದ ಮುಖ ಆಗಿರಲಿ ಎಂದು ಇಲ್ಲಿ, ಈ ಊರಿನಲ್ಲಿ, ಆಗಲೇ ಯೋಚಿಸಿದ್ದರು. 2004ರಲ್ಲಿ ಬಿಇಎಲ್ ಅದನ್ನು ಅಮಿಡಾ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಜನರ ಕೈಗೆ ಅದು ಹೆಚ್ಚು ತಲುಪಲಿಲ್ಲ. ಅದನ್ನು ನೆನೆದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸರಿ, ಅಪ್ಪನ ಪ್ರಶ್ನೆಗೆ ಬರೋಣ. ಇದು ಬರೀ ಟಿವಿ ಅಲ್ಲ ಎನ್ನಲು ಬೆಳಕೇ ಸಾಕ್ಷಿ. ಮಾಹಿತಿ ಹೊತ್ತು ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಆ ಕಡೆಯ ಕಂಪ್ಯೂಟರ್ ಕ್ಯಾಲಿಫೋರ್ನಿಯಾದಲ್ಲಿ ಇದೆ ಎಂದುಕೊಳ್ಳಿ. ಬೆಂಗಳೂರಿನಿಂದ ಅಲ್ಲಿಗೆ ನೇರ ದಾರಿಯಲ್ಲೇ ಸುಮಾರು 14,000 ಕಿಲೋಮೀಟರ್. ಹೋಗಿ ಬರಲು ಸೆಕೆಂಡಿನ 1000 ಭಾಗದಲ್ಲಿ 140 ಭಾಗ ಬೇಕೇ ಬೇಕು. ಕೇಬಲ್ ನೇರವಾಗಿ ಇರುವುದಿಲ್ಲ, ಆದ್ದರಿಂದ ನಿಜದಲ್ಲಿ ಇನ್ನೂ ಜಾಸ್ತಿ. ಪ್ರತಿ ಅಕ್ಷರವೂ ಅಲ್ಲಿಗೆ ಹೋಗಿ ಬಂದು ತೆರೆಯ ಮೇಲೆ ಮೂಡಬೇಕಿದ್ದರೆ ಬೆರಳು ಒಂದು ಕಡೆ, ಅಕ್ಷರ ಒಂದು ಕಡೆ ಆಗುತ್ತಿತ್ತು. ಹಾಗೆ ಆಗುತ್ತಿಲ್ಲ. ಏಕೆಂದರೆ ಅಕ್ಷರವನ್ನು ಬಿಡಿಸುವುದು ನಿಮ್ಮ ಮುಂದಿನ ಯಂತ್ರವೇ.

"ಸ್ತ್ರೀ" ಎಂದು ಟೈಪ್ ಮಾಡಿ ನೋಡಿ. ಕಣ್ಣಿಗೆ ಒಂದು ಅಕ್ಷರ. ಯಂತ್ರಕ್ಕೆ ಆರು ಸಂಕೇತ: ಸ, ಒತ್ತು ಜೋಡಿಸುವ ಹಲಂತ ಚಿಹ್ನೆ, ತ, ಮತ್ತೆ ಹಲಂತ ಚಿಹ್ನೆ, ರ, ಕೊನೆಗೆ ದೀರ್ಘದ ಗುರುತು. ಯುನಿಕೋಡ್ ಸಂಕೇತದಲ್ಲಿ ಕನ್ನಡದ ಒಂದೊಂದಕ್ಕೂ ಸಾಮಾನ್ಯವಾಗಿ 3 ಬೈಟ್, ಒಟ್ಟು 18 ಬೈಟ್. ತಂತಿಯಲ್ಲಿ ಹೋಗುವುದು ಈ 18 ಬೈಟ್ ಮತ್ತು ಅದರ ಸುತ್ತಿನ ವಿಳಾಸ. ತ ಮತ್ತು ರ ಒತ್ತಕ್ಷರವಾಗಿ ಸ ಅಕ್ಷರದ ಕೆಳಗೆ, ಪಕ್ಕಕ್ಕೆ ಹೇಗೆ ಕೂರಬೇಕು ಎಂದು ಲೆಕ್ಕ ಹಾಕುವುದು ಬ್ರೌಸರಿನೊಳಗಿನ ಹಾರ್ಫ್‌ಬಝ್ ಎಂಬ ತಂತ್ರಾಂಶ. ಕ್ರೋಮ್‌ನಲ್ಲೂ ಅದೇ, ಫೈರ್‌ಫಾಕ್ಸ್‌ನಲ್ಲೂ ಅದೇ, ಲಿನಕ್ಸ್ ಡೆಸ್ಕ್‌ಟಾಪಿನಲ್ಲೂ ಅದೇ. ಲಿನಕ್ಸ್‌ನಲ್ಲಿ ಕನ್ನಡ ಬರಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಪುಟದ ಉಳಿದ ಬುದ್ಧಿ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಇರುತ್ತದೆ, ಅದೂ ಓಡುವುದು ಇಲ್ಲೇ. ಮೊದಲು ಅದು ಬಲು ನಿಧಾನ. 2008ರಲ್ಲಿ ಕ್ರೋಮ್ ಜೊತೆ ವಿ8 ಎಂಬ ಎಂಜಿನ್ ಬಂತು. ಪ್ರತಿ ಸಲವೂ ಸಾಲು ಸಾಲಾಗಿ ಓದಿ ಅರ್ಥ ಹೇಳುವ ಬದಲು, ಪದೇ ಪದೇ ಬರುವ ಭಾಗಗಳನ್ನು ಅದು ಓಡುತ್ತಿರುವಾಗಲೇ ಪ್ರೊಸೆಸರಿನ ಸ್ವಂತ ಭಾಷೆಗೆ ತಿರುಗಿಸಿಬಿಡುತ್ತದೆ. ಹೊಸ ಕಂಡಕ್ಟರ್ ಪ್ರತಿ ಸಲ ದರಪಟ್ಟಿ ನೋಡುತ್ತಾನೆ. ಹಳೆಯ ಕಂಡಕ್ಟರ್ ಸ್ಟಾಪ್ ಹೆಸರು ಕೇಳಿದ ಕೂಡಲೇ ಟಿಕೆಟ್ ಕೊಡುತ್ತಾನೆ. ವ್ಯತ್ಯಾಸ ಅಷ್ಟೇ. ಹಾಗಾಗಿ ಹತ್ತು ವರ್ಷ ಹಳೆಯ ಪ್ರೊಸೆಸರೂ ಇವತ್ತಿನ ಡಾಕ್ಸನ್ನು ಆರಾಮಾಗಿ ಓಡಿಸುತ್ತದೆ.

ಆರಾಮಾಗಿ ಓಡಿಸದಿರುವುದು ಕಡಿಮೆ ರ‍್ಯಾಮ್. ಕ್ರೋಮ್ ಬಹುಪಾಲು ಒಂದೊಂದು ಟ್ಯಾಬಿಗೂ ಬೇರೆ ಬೇರೆ ಪ್ರಕ್ರಿಯೆ ನಡೆಸುತ್ತದೆ. ಒಂದು ಟ್ಯಾಬ್ ಬಿದ್ದರೆ ಇನ್ನೊಂದು ಬೀಳಬಾರದು ಎಂಬುದಕ್ಕೆ. ಒಂದೇ ದೊಡ್ಡ ಮನೆಯ ಬದಲು ಒಬ್ಬೊಬ್ಬರಿಗೂ ಬೇರೆ ಮನೆ ಮಾಡಿದರೆ ಅಡುಗೆಮನೆಯೂ ಅಷ್ಟೇ ಸಂಖ್ಯೆಯಲ್ಲಿ ಬೇಕು. ಜಿಪಿಸಿಯ 512 ಎಂಬಿ ಇವತ್ತು ನಾಲ್ಕು ಟ್ಯಾಬಿಗೂ ಸಾಲದು. ಲಿನಕ್ಸ್ ಇದಕ್ಕೊಂದು ಜಾಣ ದಾರಿ ಹಿಡಿದಿದೆ, ಹೆಸರು ಝಡ್‌ರ‍್ಯಾಮ್. ಸದ್ಯಕ್ಕೆ ಬಳಸದ ನೆನಪಿನ ತುಂಡುಗಳನ್ನು ಡಿಸ್ಕಿಗೆ ತಳ್ಳುವ ಬದಲು, ಒತ್ತಿ ಮಡಚಿ ರ‍್ಯಾಮಿನಲ್ಲೇ ಇಡುತ್ತದೆ. ಅಮ್ಮ ಬೀರುವಿನಲ್ಲಿ ರೇಷ್ಮೆ ಸೀರೆ ಮಡಚಿ ಒಂದರ ಮೇಲೊಂದು ಇಡುವ ಹಾಗೆ. ಬೇಕಾದಾಗ ಬಿಡಿಸಿದರಾಯಿತು, ಅಟ್ಟ ಹತ್ತಬೇಕಿಲ್ಲ. ಕ್ರೋಮ್‌ಬುಕ್‌ಗಳು ಕಡಿಮೆ ರ‍್ಯಾಮಿನಲ್ಲೂ ಸಲೀಸಾಗಿ ನಡೆಯಲು ಇದೂ ಒಂದು ಕಾರಣ. ಆದರೂ 8 ಜಿಬಿ ಇದ್ದರೆ ನೆಮ್ಮದಿ. ಹಾರ್ಡ್‌ಡಿಸ್ಕ್ ಬದಲು ಅದಕ್ಕಿಂತ ಚುರುಕಾದ ಎಸ್‌ಎಸ್‌ಡಿ ಇರಲಿ. ಕ್ರೋಮ್‌ಬುಕ್ ಕೊಳ್ಳುವವರು ಅದಕ್ಕೆ ಅಪ್‌ಡೇಟ್ ಯಾವ ವರ್ಷದವರೆಗೆ ಸಿಗುತ್ತದೆ ಎಂದು ನೋಡಿಕೊಳ್ಳಬೇಕು.

ಆಗದ ಕೆಲಸಗಳೂ ಇವೆ, ಮುಚ್ಚಿಡುವುದಿಲ್ಲ. ಬಿ.ಕಾಂ. ಹುಡುಗಿಗೆ ಮುಂದೆ ಟ್ಯಾಲಿ ಕಲಿಯಬೇಕು, ಅದು ವಿಂಡೋಸಿಗಾಗಿ ಮಾಡಿದ್ದು. ಅವಳ ಕಾಲೇಜಿನ ಲ್ಯಾಬಿನಲ್ಲಿ ಅದು ಇದೆ ಎಂದು ಕೇಳಿ ತಿಳಿದ ಮೇಲೆಯೇ ನಾನು ಮುಂದುವರಿದದ್ದು. ಯುನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟಿನ ಕಡತಗಳು ಬಂದರೆ ಪರಿವರ್ತಕ ಬೇಕಾಗುತ್ತದೆ.

ಅದೇ ಬೀದಿಯ ಇನ್ನೊಂದು ಅಂಗಡಿಯಲ್ಲಿ 13,500 ರೂಪಾಯಿಗೆ 8 ಜಿಬಿ ರ‍್ಯಾಮ್ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಿಕ್ಕಿತು. ಮನೆಗೆ ತಂದು ಲಿನಕ್ಸ್ ಮಿಂಟ್ ಹಾಕಿ, ಕ್ರೋಮ್ ಹಾಕಿ, ಡಾಕ್ಸ್‌ನಲ್ಲಿ ಆಫ್‌ಲೈನ್ ಆಯ್ಕೆ ಒತ್ತಿ ಕೊಟ್ಟೆ.

ಎರಡು ವಾರದ ಮೇಲೆ ಜೋರು ಮಳೆ. ಬೀದಿಗೆಲ್ಲ ಕರೆಂಟ್ ಹೋಯಿತು, ವೈಫೈ ಸತ್ತಿತು. ಅವಳು ಅಸೈನ್‌ಮೆಂಟ್ ಮಧ್ಯದಲ್ಲಿ ಇದ್ದಳು. ಪುಟ ಮುಚ್ಚಲಿಲ್ಲ, ಬ್ಯಾಟರಿ ಮೇಲೆ ಮುಕ್ಕಾಲು ಗಂಟೆ ಬರೆದಳು. ಕರೆಂಟ್ ಬಂದ ಮೇಲೆ ಮೂಲೆಯಲ್ಲಿ ಸೇವ್ ಆಯಿತು ಎಂಬ ಗುರುತು ಮೂಡಿತು. ಮರುದಿನ ಬೆಳಗ್ಗೆ ಬಂದು, "ಅಂಕಲ್, ನೆಟ್ ಇಲ್ಲದಾಗ ಬರೆದದ್ದು ಅಷ್ಟು ಹೊತ್ತು ಎಲ್ಲಿತ್ತು?" ಎಂದು ಕೇಳಿದಳು.

ಲ್ಯಾಪ್‌ಟಾಪ್ ತರಿಸಿ ಎಫ್12 ಒತ್ತಿದೆ. ತೆರೆಯ ಪಕ್ಕದಲ್ಲಿ ಬ್ರೌಸರಿನ ಒಳಮನೆ ತೆರೆಯಿತು. ಅಲ್ಲಿ ಇಂಡೆಕ್ಸ್ಡ್‌ಡಿಬಿ ಎಂಬ ಸಾಲಿನ ಕೆಳಗೆ ಡಾಕ್ಸ್ ತನಗಾಗಿ ಕಟ್ಟಿಕೊಂಡ ಪುಟ್ಟ ಉಗ್ರಾಣ ಇತ್ತು, ಅವಳದೇ ಡಿಸ್ಕಿನ ಮೇಲೆ. ಅದಕ್ಕಿಂತ ಮೇಲೆ ಇನ್ನೊಂದು ಸಾಲಿನಲ್ಲಿ ಸರ್ವಿಸ್ ವರ್ಕರ್, ನೆಟ್ ಇಲ್ಲದಾಗ ಬಾಗಿಲಲ್ಲಿ ನಿಂತು ಉಗ್ರಾಣದಿಂದಲೇ ಬಡಿಸುವ ಸಣ್ಣ ಪ್ರೋಗ್ರಾಂ. ಅವಳು ಕುರ್ಚಿ ಎಳೆದುಕೊಂಡು ಕೂತು, ಒಂದೊಂದೇ ಸಾಲನ್ನು ಒತ್ತಿ ತೆರೆದು ನೋಡತೊಡಗಿದಳು.