ಸಣ್ಣ ರಂಗಮಂದಿರದ ನಾಟಕವನ್ನು ವಿಮರ್ಶಿಸುವಾಗ: ಲೋಪ ಯಾರದ್ದು?

ಹವ್ಯಾಸಿ ತಂಡವೊಂದು ಎರಡು ತಿಂಗಳು ಸಂಜೆ ಹೊತ್ತು ತಾಲೀಮು ನಡೆಸಿ, ಊರಿನ ನೂರೈವತ್ತು ಕುರ್ಚಿಗಳ ಸಭಾಂಗಣದಲ್ಲಿ ಒಂದು ಪ್ರಯೋಗ ಕೊಡುತ್ತದೆ. ಎರಡನೆಯ ಪ್ರಯೋಗ ಆಗುತ್ತದೆಯೋ ಇಲ್ಲವೋ ಅವರಿಗೇ ಖಚಿತವಿರುವುದಿಲ್ಲ; ನಮ್ಮ ಬರಹ ಅಚ್ಚಾಗುವ ಹೊತ್ತಿಗೆ ರಂಗಸಜ್ಜಿಕೆಯೆಲ್ಲ ಬಿಚ್ಚಿ ಟೆಂಪೋ ಏರಿಯಾಗಿರುತ್ತದೆ. ಆದ್ದರಿಂದ ನಾಟಕಕ್ಕೆ ಹೋಗಬೇಕೇ ಬೇಡವೇ ಎಂದು ಓದುಗರಿಗೆ ಹೇಳುವ ಪ್ರಶ್ನೆ ಇಲ್ಲಿ ಬಹುಮಟ್ಟಿಗೆ ಏಳುವುದೇ ಇಲ್ಲ. ಅಂದು ಆ ರಂಗದ ಮೇಲೆ ಏನು ನಡೆಯಿತೆಂದು ನೋಡದವರಿಗೆ ಕಾಣಿಸುವುದು, ಕಂಡ ಗುಣದೋಷಗಳು ಪಠ್ಯದಿಂದ ಬಂದವೋ, ನಿರ್ದೇಶಕರಿಂದಲೋ, ನಟರಿಂದಲೋ, ಕಟ್ಟಡದಿಂದಲೋ ಎಂದು ಬಿಡಿಸಿ ಹೇಳುವುದು, ಇವೆರಡೇ ಉಳಿಯುವ ಕೆಲಸ. ಎರಡನೆಯದೇ ಕಷ್ಟದ್ದು.

ಈ ಬಿಡಿಸುವಿಕೆಗೆ ಹಳೆಯ ನೆರವೊಂದಿದೆ. ನಾಟ್ಯಶಾಸ್ತ್ರದಲ್ಲಿ ಭರತನು ಪ್ರಯೋಗದ ಸಿದ್ಧಿಯನ್ನು ಚರ್ಚಿಸುವಾಗ, ಅದಕ್ಕೆ ಒದಗುವ ‘ಘಾತ’ಗಳನ್ನು, ಅಂದರೆ ಅಡ್ಡಿಗಳನ್ನು, ಮೂಲಕ್ಕೆ ತಕ್ಕಂತೆ ವಿಂಗಡಿಸುತ್ತಾನೆ. ಗಾಳಿ, ಮಳೆ, ಬೆಂಕಿಯಂಥವು ದೈವದಿಂದ ಬಂದವು; ಎದುರಾಳಿಗಳು ಎಬ್ಬಿಸುವ ಗದ್ದಲದಂಥವು ಪರರಿಂದ ಬಂದವು; ಮಾತು ಮರೆಯುವುದು, ಕಿರೀಟ ಜಾರುವುದು ನಟರದೇ. ಇವಲ್ಲದೆ ಭೂಕಂಪದಂಥ ಉತ್ಪಾತಗಳಿಗೆ ಬೇರೆಯೇ ಲೆಕ್ಕ. ಮಲೆನಾಡಿನ ತಗಡಿನ ಮಾಡಿನ ಕೆಳಗೆ ಮಳೆ ಹೊಡೆಯುತ್ತಿರುವಾಗ ಸಂಭಾಷಣೆ ಕೇಳಿಸದಿದ್ದರೆ ಅದನ್ನು ನಟಿಯ ವಾಚಿಕದ, ಅಂದರೆ ಮಾತಿನ ಅಭಿನಯದ, ದೌರ್ಬಲ್ಯವೆಂದು ಬರೆಯುವುದು ತಪ್ಪು. ಮಳೆ ನಿಂತ ಮೇಲೂ ವಾಕ್ಯದ ಕೊನೆಯ ಅಕ್ಷರಗಳು ನುಂಗಿಹೋಗುತ್ತಿದ್ದರೆ ಬರೆಯದಿರುವುದೂ ತಪ್ಪು. ಅದೇ ಚರ್ಚೆಯಲ್ಲಿ ಬರುವ ‘ಪ್ರಾಶ್ನಿಕ’ರ ಪಟ್ಟಿಯೂ ಗಮನಾರ್ಹ: ಪ್ರಯೋಗವನ್ನು ಅಳೆಯುವವರಲ್ಲಿ ವೈಯಾಕರಣ, ಚಿತ್ರಕಾರ, ಬಿಲ್ಲುಗಾರ, ಗಾಯಕ, ಹೀಗೆ ಬೇರೆಬೇರೆ ವಿದ್ಯೆ ಬಲ್ಲವರಿದ್ದಾರೆ. ಎಲ್ಲವನ್ನೂ ಒಬ್ಬನೇ ಬಲ್ಲನೆಂದು ಭರತನೂ ನಂಬಿರಲಿಲ್ಲ. ಉತ್ತರ ಕರ್ನಾಟಕದ ಜನಪದ ರಂಗಪ್ರಕಾರವಾದ ಸಣ್ಣಾಟದ ಮಟ್ಟುಗಳಿರುವ ನಾಟಕ ನೋಡಿ ಬಂದ ರಾತ್ರಿ, ಆ ಮಟ್ಟು ತಿಳಿದವರೊಬ್ಬರಿಗೆ ಫೋನು ಮಾಡಿ ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ರಂಗಮಂದಿರದ ಅಳತೆಯ ಬಗ್ಗೆಯೂ ಭರತನ ಮಾತಿದೆ. ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಂಟಪ ಸಾಕು. ಅದಕ್ಕಿಂತ ದೊಡ್ಡದಾದರೆ ಮಾತು ಕೇಳದು, ಮುಖದ ಭಾವ ಕಾಣದು ಎಂಬುದು ಅವನ ವಾದ. ಹಸ್ತಕ್ಕೆ ಒಂದೂವರೆ ಅಡಿಯಂತೆ ಹಿಡಿದರೆ 96 ಅಡಿಗೆ 48 ಅಡಿ, ಅದರಲ್ಲೂ ಅರ್ಧ ಭಾಗ ಮಾತ್ರ ಪ್ರೇಕ್ಷಕರಿಗೆ. ಎಂದರೆ ನಾವು ‘ಚಿಕ್ಕದು’ ಎನ್ನುವ ರಂಗ ಒಂದು ಅರ್ಥದಲ್ಲಿ ಸರಿಯಾದ ಅಳತೆಯದು. 2004ರಲ್ಲಿ ಆರಂಭವಾದ ಬೆಂಗಳೂರಿನ ರಂಗಶಂಕರದಲ್ಲಿ ರಂಗವು ಪ್ರೇಕ್ಷಕರ ಕಡೆಗೆ ಚಾಚಿಕೊಂಡಿದೆ. ಅಲ್ಲಿ ನಡೆಯುವ ಅಭಿನಯವನ್ನೇ ರವೀಂದ್ರ ಕಲಾಕ್ಷೇತ್ರದ ಚೌಕಟ್ಟಿನೊಳಗೆ ಇಟ್ಟರೆ ಹಿಂದಿನ ಸಾಲಿಗೆ ಕಣ್ಣಿನ ಚಲನೆ ತಲುಪುವುದಿಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಿಂದ ಊರೂರು ಸುತ್ತಿ ನಡೆಸುತ್ತಿರುವ ‘ತಿರುಗಾಟ’ದ ನಾಟಕಗಳಂತೂ ಒಂದು ಊರಿನಲ್ಲಿ ಪುರಭವನ, ಇನ್ನೊಂದರಲ್ಲಿ ಶಾಲೆಯ ಮೈದಾನ ಎಂಬಂತೆ ನೆಲೆ ಬದಲಿಸುತ್ತವೆ. ಹೆಗ್ಗೋಡಿನಲ್ಲಿ ನೋಡಿದವರೂ ಹಾವೇರಿಯಲ್ಲಿ ನೋಡಿದವರೂ ಒಂದೇ ನಾಟಕದ ಬಗ್ಗೆ ಜಗಳವಾಡುತ್ತಿದ್ದರೆ, ಮೊದಲು ಕೇಳಬೇಕಾದದ್ದು ‘ನೀವು ಎಲ್ಲಿ ಕೂತಿದ್ದಿರಿ’ ಎಂದು.

ಪಠ್ಯವನ್ನೂ ಪ್ರಯೋಗವನ್ನೂ ಬೇರ್ಪಡಿಸಿ ನೋಡುವುದಕ್ಕೆ ಗಿರೀಶ ಕಾರ್ನಾಡರ ‘ಹಯವದನ’ದಷ್ಟು ಒಳ್ಳೆಯ ಪಾಠ ಸಿಗುವುದು ಅಪರೂಪ. ಅದರಲ್ಲಿ ಪದ್ಮಿನಿಯ ಗಂಡ ದೇವದತ್ತ, ಅವನ ಗೆಳೆಯ ಕಪಿಲ ಇಬ್ಬರೂ ಕಾಳಿಯ ಗುಡಿಯಲ್ಲಿ ತಲೆ ಕತ್ತರಿಸಿಕೊಳ್ಳುತ್ತಾರೆ; ಕಾಳಿಯ ವರದಿಂದ ಅವರನ್ನು ಬದುಕಿಸಹೊರಟ ಪದ್ಮಿನಿ ತಲೆಗಳನ್ನು ಅದಲುಬದಲು ಜೋಡಿಸಿಬಿಡುತ್ತಾಳೆ. ಇಬ್ಬರು ಸಹಾಯಕರು ಕೈಯಲ್ಲಿ ಹಿಡಿದು ತರುವ ಅರೆಪರದೆಯನ್ನು ಕಂಡು ‘ಪರದೆಗೂ ಗತಿಯಿಲ್ಲದ ತಂಡ’ ಎಂದು ಭಾವಿಸುವವರಿದ್ದಾರೆ. ಅದು ಯಕ್ಷಗಾನದ ತೆರೆಯನ್ನು ನೆನಪಿಸುವ, ನಾಟಕಕಾರರೇ ಬಯಸಿದ ರಂಗತಂತ್ರ. ಕಾಳಿ ಆಕಳಿಸುತ್ತ ನಿದ್ದೆಗಣ್ಣಿನಲ್ಲಿ ವರ ಕೊಡುವುದೂ ಪಠ್ಯದಲ್ಲೇ ಇದೆ. ‘ಕಾಳಿಯ ಪಾತ್ರಕ್ಕೆ ಗಾಂಭೀರ್ಯ ಸಾಲದು’ ಎಂದು ಬರೆದರೆ ನಟಿಯ ತಲೆಗೆ ಕಾರ್ನಾಡರ ತಮಾಷೆಯನ್ನು ಕಟ್ಟಿದಂತಾಗುತ್ತದೆ. ಆದರೆ ಆ ಆಕಳಿಕೆಗೆ ಸಭೆ ನಗುತ್ತಿರುವಾಗಲೇ ಪದ್ಮಿನಿ ಮುಂದಿನ ಮಾತು ಆಡಿಬಿಟ್ಟರೆ, ಕಾಲದ ಆ ತಪ್ಪು ನಟರದು, ಅದನ್ನು ತಾಲೀಮಿನಲ್ಲಿ ತಿದ್ದದ ನಿರ್ದೇಶಕರದು. ನಾಟಕಕ್ಕೆ ಹೋಗುವ ಮುನ್ನ ಪಠ್ಯ ಓದಬೇಕೇ ಎಂಬುದಕ್ಕೆ ನನ್ನ ಉತ್ತರ: ಹೊಸ ನಾಟಕವಾದರೆ ಬೇಡ, ಹತ್ತಾರು ಸಲ ಆಡಿದ ನಾಟಕವಾದರೆ ಓದಲೇಬೇಕು.

ನಮ್ಮ ಪತ್ರಿಕಾ ವಿಮರ್ಶೆಗಳಲ್ಲಿ ತಲೆಮಾರುಗಳಿಂದ ಸವೆದ ಕೆಲವು ಮಾತುಗಳಿವೆ: ‘ಪಾತ್ರಕ್ಕೆ ನ್ಯಾಯ ಒದಗಿಸಿದರು’, ‘ಸಂಗೀತ ಪೂರಕವಾಗಿತ್ತು’, ‘ಬೆಳಕು ಗಮನ ಸೆಳೆಯಿತು’. ನಾನೂ ಇವನ್ನೆಲ್ಲ ಬರೆದವನೇ. ಹೆಸರು ಅಳಿಸಿದರೆ ಇವು ಯಾವ ನಾಟಕಕ್ಕಾದರೂ ಹೊಂದುತ್ತವೆ ಎಂಬುದೇ ಇವುಗಳ ದೋಷ. ಪದ್ಮಿನಿಯ ಪಾತ್ರಧಾರಿ ನ್ಯಾಯ ಒದಗಿಸಿದರು ಎನ್ನುವ ಬದಲು, ತಲೆಗಳು ಅದಲುಬದಲಾದದ್ದು ತಿಳಿದಾಗ ಆಕೆ ಮೊದಲು ನೋಡಿದ್ದು ಮುಖವನ್ನೋ ತೋಳನ್ನೋ ಎಂದು ಬರೆದರೆ ಸಾಕು. ಆ ನಟಿ ಪಾತ್ರವನ್ನು ಹೇಗೆ ಅರ್ಥಮಾಡಿಕೊಂಡಿದ್ದಾಳೆಂಬುದು ಅಲ್ಲೇ ತಿಳಿಯುತ್ತದೆ. ಬೆಳಕಿನ ವಿಷಯದಲ್ಲೂ ಹಾಗೆಯೇ: ನಾಲ್ಕು ಹ್ಯಾಲೋಜನ್ ದೀಪ, ಒಂದು ಡಿಮ್ಮರ್ ಇಟ್ಟುಕೊಂಡು ಕಾಡನ್ನು ತೋರಿಸಿದವರ ಹೆಚ್ಚುಗಾರಿಕೆ ಆ ಎಣಿಕೆಯಲ್ಲೇ ಇದೆ.

ಸಣ್ಣ ಊರಿನಲ್ಲಿ ಇನ್ನೊಂದು ತೊಡಕಿದೆ. ದೇವದತ್ತನ ಪಾತ್ರ ಮಾಡಿದವರು ಬೆಳಿಗ್ಗೆ ಬ್ಯಾಂಕಿನ ಕೌಂಟರಿನಲ್ಲಿ ಸಿಗುತ್ತಾರೆ, ‘ಹೇಗಿತ್ತು ಸರ್’ ಎಂದು ಕೇಳುತ್ತಾರೆ. ಹೊಸಬರ ಮೊದಲ ಪಾತ್ರವನ್ನೂ ಮೂವತ್ತು ವರ್ಷ ಬಣ್ಣ ಹಚ್ಚಿದವರ ಪಾತ್ರವನ್ನೂ ಒಂದೇ ಕಟುತನದಿಂದ ಅಳೆಯಬೇಕಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ರಿಯಾಯಿತಿ ಇರಬೇಕಾದದ್ದು ದನಿಯಲ್ಲಿ, ಕಂಡದ್ದನ್ನು ಹೇಳುವುದರಲ್ಲಿ ಅಲ್ಲ. ಸ್ವಂತ ಅಣ್ಣನೋ ತಂಗಿಯೋ ರಂಗದ ಮೇಲಿದ್ದರೆ ಬರೆಯುವುದನ್ನು ಬೇರೆಯವರಿಗೆ ಬಿಡುವುದು ಲೇಸು.

ಟಿಪ್ಪಣಿಯ ಮೇಲ್ತುದಿಯಲ್ಲಿ ನಾಟಕ, ರಚನೆ, ನಿರ್ದೇಶನ, ತಂಡ, ಸ್ಥಳ, ದಿನಾಂಕದ ಜೊತೆಗೆ ಎಷ್ಟನೆಯ ಪ್ರಯೋಗ, ತಾವು ಕೂತ ಸಾಲು ಯಾವುದು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಈ ಕೊನೆಯದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ‘ಹಯವದನ’ದ ಕೊನೆಯಲ್ಲಿ ಮಗುವಿನ ನಗುವೂ ಕುದುರೆಯ ಕೆನೆತವೂ ಒಂದರೊಳಗೊಂದು ಬೆರೆಯುತ್ತವೆ. ಊರೊಂದರಲ್ಲಿ ಆ ದೃಶ್ಯವನ್ನು ನೋಡಿ, ಕೆನೆತದ ಅಬ್ಬರದಲ್ಲಿ ಹುಡುಗನ ನಗು ಮುಳುಗಿಹೋಯಿತೆಂದು ಬರೆದಿದ್ದೆ. ಮೂರು ವಾರದ ನಂತರ ಅದೇ ಸಭಾಂಗಣದಲ್ಲಿ ಮರುಪ್ರಯೋಗವಾಯಿತು. ಈ ಸಲ ನಡುಸಾಲಿನಲ್ಲಿ ಜಾಗ ಸಿಕ್ಕಿತು. ನಗು ಮೊದಲು ಕೇಳಿಸಿತು, ಅದರ ಮೇಲೆ ಕೆನೆತ ಮೆಲ್ಲಗೆ ಏರಿತು. ನಾಟಕ ಮುಗಿದ ಮೇಲೆ ಹಿಂದಿನ ಸಲ ಕೂತಿದ್ದ ಎಡತುದಿಯ ಕುರ್ಚಿಯ ಬಳಿ ಹೋಗಿ ನೋಡಿದೆ. ಅದರ ಪಕ್ಕದಲ್ಲೇ, ಕಿವಿಯ ಎತ್ತರಕ್ಕೆ, ಸ್ಪೀಕರ್ ಪೆಟ್ಟಿಗೆಯಿತ್ತು.